ಪರದೆಯ ಹಿಂದಿನ ಹಿಡಿಯಕ್ಕಿ

ಆಕೆಗೆ ಸುವಾರ್ತಮ್ಮ ಎಂದು ಹೆಸರಿಟ್ಟವರು ಶಿವಮೊಗ್ಗದ ಮಿಷನ್ ಕಾಂಪೌಂಡಿನ ಹಳೆಯ ಪಾದ್ರಿಗಳು. ಸುವಾರ್ತೆ ಎಂದರೆ ಒಳ್ಳೆಯ ಸುದ್ದಿ. ಆದರೆ ಒಳ್ಳೆಯ ಸುದ್ದಿ ಯಾವುದಾದರೂ ಮನೆಗೆ ಬಂದರೆ, ಅದನ್ನು ಹೊಸ್ತಿಲಾಚೆಯೇ ನಿಲ್ಲಿಸಿ, ಯಾರು ಕಳಿಸಿದ್ದು, ಯಾಕೆ ಕಳಿಸಿದ್ದು ಎಂದು ವಿಚಾರಿಸದೆ ಒಳಗೆ ಬಿಡುವ ಹೆಂಗಸಲ್ಲ ಆಕೆ. ಮದುವೆಯ ದಿನ ಪಾದ್ರಿಗಳು 'ಈ ದೇವದಾನಪ್ಪನನ್ನು ಗಂಡನಾಗಿ ಒಪ್ಪುತ್ತೀಯಾ?' ಎಂದು ಕೇಳಿದಾಗ, 'ಅವರು ಒಪ್ಪಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿಸಿ' ಎಂದಳಂತೆ.

ದೇವದಾನಪ್ಪನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಅಚ್ಚು ಹೊಯ್ಯುವ ಕೆಲಸ. ಆ ಊರಿಗೆ ಬಂದ ಮೇಲೆ ಸುವಾರ್ತಮ್ಮನ ಅನುಮಾನಕ್ಕೂ ಕಬ್ಬಿಣದ ಗಟ್ಟಿತನ ಬಂತು. ಭದ್ರಾ ಹೊಳೆಯಲ್ಲಿ ಒಂದು ಗೇಣು ನೀರು ಇಳಿದರೆ, ಯಾರ ಮನೆಯ ಹಂಡೆ ತುಂಬಿದೆ ಎಂದು ಬೀದಿ ಸುತ್ತಿ ನೋಡಿ ಬರುತ್ತಿದ್ದಳು.

ಇಂಥವಳ ಕೈಗೆ ಸಭೆಯ ಸ್ತ್ರೀಯರ ಕೂಟ ಬಂದದ್ದು ಮಿಷನ್ನಿನ ಬಿಳಿಯ ದೊರೆಸಾನಿಯಿಂದ. ರಜೆಗೆಂದು ತಮ್ಮ ಸೀಮೆಗೆ ಹೊರಟ ದೊರೆಸಾನಿ, 'ನಾನು ಬರುವ ತನಕ ನೋಡಿಕೊಂಡಿರು' ಎಂದು ಕೂಟವನ್ನು ಒಪ್ಪಿಸಿದರು. ದೊರೆಸಾನಿ ಬರಲಿಲ್ಲ, ಸುವಾರ್ತಮ್ಮ ಬಿಡಲಿಲ್ಲ. ಹೆಂಗಸರಿಗೆ ಅಕ್ಷರ ಕಲಿಸಿದಳು. ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆಗೆ ಓಡಿದಳು. ಚಳಿಜ್ವರ ಊರನ್ನೇ ಹಾಸಿಗೆ ಹಿಡಿಸಿದ ವರ್ಷ ಮನೆಮನೆಗೆ ಕ್ವಿನೈನ್ ಗುಳಿಗೆ ಹೊತ್ತಳು. ಕಹಿಗೆ ಹೆದರಿ ಜನ ಗುಳಿಗೆಯನ್ನು ನಾಲಿಗೆಯಡಿ ಅಡಗಿಸಿ ಆಮೇಲೆ ಉಗುಳುತ್ತಿದ್ದರು. ಸುವಾರ್ತಮ್ಮ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿದಳು. ಆ ವರ್ಷ ಆಕೆಯ ಅನುಮಾನದಿಂದಲೇ ಬದುಕಿಕೊಂಡವರು ಊರಿನಲ್ಲಿ ಬಹಳ ಮಂದಿ. ಅವರಲ್ಲಿ ಒಬ್ಬರೂ ಆಕೆಯನ್ನು ಕ್ಷಮಿಸಲಿಲ್ಲ.

ಕೂಟದ ಮುಖ್ಯ ಸೇವೆ ಎಂದರೆ ಹಿಡಿಯಕ್ಕಿ. ಮನೆಯಾಕೆ ಅನ್ನಕ್ಕೆ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿಯನ್ನು ಕರ್ತನ ಪಾಲೆಂದು ಮಡಕೆಯಲ್ಲಿ ತೆಗೆದಿಡಬೇಕು. ಶನಿವಾರ ಮಧ್ಯಾಹ್ನದ ಕೂಟಕ್ಕೆ ಅದನ್ನು ತಂದು, ಏಸುವಿನ ಗುಡಿಯ ಪಕ್ಕದ ಕೋಣೆಯಲ್ಲಿರುವ ಕುಕ್ಕೆಗೆ ಸುರಿಯಬೇಕು. ಆ ಅಕ್ಕಿ ಕೈಲಾಗದವರ ಮನೆಗೆ ಹೋಗುತ್ತಿತ್ತು. ಅದರಲ್ಲೂ ಕೀಲುನೋವಿನಿಂದ ಕೋಲು ಹಿಡಿದ ವಿಧವೆ ಹೂವಮ್ಮನ ಒಲೆ ಉರಿಯುತ್ತಿದ್ದುದೇ ಅದರಿಂದ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂಬ ವಾಕ್ಯವಿದೆಯಲ್ಲ, ಅದಕ್ಕಾಗಿ ಕೋಣೆಯ ಬಾಗಿಲಿಗೆ ಪರದೆ. ಒಬ್ಬೊಬ್ಬರೇ ಒಳಗೆ ಹೋಗಿ ಸುರಿದು ಬರಬೇಕು. ಯಾರು ಎಷ್ಟು ಹಾಕಿದರೆಂದು ಇನ್ನೊಬ್ಬರು ನೋಡುವಂತಿಲ್ಲ.

ನೋಡುವಂತಿಲ್ಲ ಎಂದಿತ್ತೇ ಹೊರತು ಕೇಳುವಂತಿಲ್ಲ ಎಂದು ವಾಕ್ಯದಲ್ಲಿ ಎಲ್ಲೂ ಇರಲಿಲ್ಲ. ಸುವಾರ್ತಮ್ಮ ಪರದೆಗೆ ಒತ್ತಿಕೊಂಡೇ ಚಾಪೆ ಹಾಕಿಕೊಳ್ಳುತ್ತಿದ್ದಳು. ಅಕ್ಕಿ ಬೀಳುವ ಸದ್ದಿನಲ್ಲೇ ಹಿಡಿ ದೊಡ್ಡದೋ ಚಿಕ್ಕದೋ, ನುಚ್ಚು ಎಷ್ಟು, ಕಲ್ಲು ಎಷ್ಟು, ಆ ಅಕ್ಕಿ ಮಲವಗೊಪ್ಪದ ಯಾವ ಗದ್ದೆಯ ಯಾವ ಮೂಲೆಯದು, ಎಲ್ಲ ಆಕೆಗೆ ತಿಳಿಯುತ್ತದೆಂದು ಹೆಂಗಸರು ನಂಬಿದ್ದರು. ಅವರು ಹಾಗೆ ನಂಬಿದ್ದು ಆಕೆಗೂ ಗೊತ್ತಿತ್ತು.

ಅಷ್ಟರಲ್ಲಿ ಜರ್ಮನಿಯವನ ಯುದ್ಧ ಬಂತು. ಅದರ ಹಿಂದೆಯೇ ರೇಷನ್ ಬಂತು. ಡಿಪೋದ ಅಕ್ಕಿಯನ್ನು ಬೇಯಿಸಿದರೆ ಅನ್ನ ಆಗುವ ಮುಂಚೆ ಮೂರು ಬೀದಿಗೆ ವಾಸನೆ ಆಗುತ್ತಿತ್ತು. ಅದೂ ಹೊಟ್ಟೆ ತುಂಬುವಷ್ಟು ಸಿಗುತ್ತಿರಲಿಲ್ಲ. ಹಿಡಿಗಳು ಸಣ್ಣವಾದವು, ಕುಕ್ಕೆಯ ತಳ ಕಂಡಿತು. ಹೂವಮ್ಮನ ಪಾಲಿಗೆ ಏನೂ ಉಳಿಯದಂತಾದ ಶನಿವಾರ ಸುವಾರ್ತಮ್ಮ ಕಣ್ಣು ಮುಚ್ಚಿ ಜೋರಾಗಿ ಪ್ರಾರ್ಥಿಸಿದಳು:

"ಕರ್ತನೇ, ನಮ್ಮಲ್ಲಿ ಕೆಲವರ ಕೈ ಕುಗ್ಗಿದೆ. ಯಾರ ಕೈ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆಮೆನ್."

ಕರ್ತನಿಗೆ ಗೊತ್ತಿದ್ದಿರಬಹುದು. ಸುವಾರ್ತಮ್ಮನಿಗೆ ಮಾತ್ರ ಗೊತ್ತಿರಲಿಲ್ಲ.

ಮುಂದಿನ ವಾರ ಕುಕ್ಕೆ ಅರ್ಧ ತುಂಬಿತು. ಅದರಾಚೆಯ ವಾರ ಕಂಠ ಮುಟ್ಟಿತು. ಹೂವಮ್ಮನಿಗೆ ಕೊಟ್ಟು, ಉಳಿದ ಬಡವರಿಗೆ ಕೊಟ್ಟು, ಇನ್ನೊಂದು ಕುಕ್ಕೆ ತರಿಸಿದರೆ ಅದೂ ತುಂಬಿತು. ಊರಿಗೆ ಊರೇ ಗಂಜಿ ಕುಡಿಯುತ್ತಿರುವಾಗ ಗುಡಿಯ ಕೋಣೆಯಲ್ಲಿ ಅಕ್ಕಿ ಉಬ್ಬುತ್ತಿತ್ತು.

"ಎಲೀಯ ಪ್ರವಾದಿ ಕಾಲದಲ್ಲಿ ಬರ ಬಂದ್ರೂ ಆ ವಿಧವೆ ಹಿಟ್ಟಿನ ಮಡಕೆ ಬರಿದಾಗ್ಲೇ ಇಲ್ವಂತಲ್ಲ ಅಕ್ಕಾ, ಇದೂ ಹಂಗೇ ಇರ್ಬೇಕು" ಎಂದಳು ಕೂಟದ ಬಂಗಾರಮ್ಮ.

"ಎಲೀಯನ ಕಾಲದಲ್ಲಿ ರೇಷನ್ ಡಿಪೋ ಇರ್ಲಿಲ್ಲ ಮಾರಾಯ್ತಿ" ಎಂದಳು ಸುವಾರ್ತಮ್ಮ.

ಬಂಗಾರಮ್ಮನ ಮುಖ ಸಣ್ಣಗಾಯಿತು. ಆಕೆಯ ಗಂಡ ರಂಗಪ್ಪ ಡಿಪೋದಲ್ಲಿ ತಕ್ಕಡಿ ಹಿಡಿಯುವವನು.

ಇಷ್ಟಾದರೆ ಸುವಾರ್ತಮ್ಮ ಬಿಡುವಳೇ? ಮನೆಗೆ ಬಂದು ಗಂಡನನ್ನು ಹಿಡಿದಳು. "ರಂಗಪ್ಪನ ತಕ್ಕಡಿ ಹೆಂಗೆ?"

"ಅವನ ತಕ್ಕಡಿ ಪಕ್ಕದಲ್ಲೇ ಪೊಲೀಸಿನೋನು ಕೂತಿರ್ತಾನೆ ಕಣೆ. ಒಂದು ಕಾಳು ಹಾರಿದ್ರೂ ಅದಕ್ಕೆ ಬೇಡಿ ಹಾಕ್ತಾನೆ" ಎಂದ ದೇವದಾನಪ್ಪ.

"ಆ ಪೊಲೀಸಿನೋನು ಹೆಂಗೆ?"

ದೇವದಾನಪ್ಪ ಶಿಫ್ಟಿಗೆ ಇನ್ನೂ ಹೊತ್ತಿದ್ದರೂ ಎದ್ದು ಕಾರ್ಖಾನೆಗೆ ಹೋಗಿಬಿಟ್ಟ. ಬೆಂಕಿಯ ಮುಂದೆ ನಿಲ್ಲುವುದೇ ವಾಸಿ ಎನಿಸಿತೇನೋ.

ಸುದ್ದಿ ರೈಲು ಹತ್ತಿ ಶಿವಮೊಗ್ಗಕ್ಕೂ ಹೋಯಿತು. ತಿಂಗಳಿಗೊಮ್ಮೆ ಬರುವ ಪಾದ್ರಿ ಅಯ್ಯನವರು, ಈ ಭಾನುವಾರ ಬಂದು ಕೋಣೆಯನ್ನು ತಾವೇ ನೋಡುವುದಾಗಿ ಹೇಳಿ ಕಳಿಸಿದರು. ಕಳ್ಳ ಅಕ್ಕಿ ಒಂದು ಕಾಳು ಸಿಕ್ಕರೂ ಕೋಣೆಗೆ ಬೀಗ, ಸ್ತ್ರೀಯರ ಕೂಟಕ್ಕೆ ಮಂಗಳ. ಹೆಂಗಸರ ಕೂಟ ಹೆಂಗಸರ ಕೈಯಲ್ಲೇ ನಡೆಯುವುದು ಅಯ್ಯನವರಿಗೆ ಮೊದಲಿನಿಂದಲೂ ಅಷ್ಟಾಗಿ ಸೇರುತ್ತಿರಲಿಲ್ಲ. ಅವರಿಗೆ ಒಂದು ನೆವ ಸಾಕಿತ್ತು. ಸುವಾರ್ತಮ್ಮನಿಗೆ ಮಕ್ಕಳಿರಲಿಲ್ಲ. ಆಕೆ ಬೆಳೆಸಿದ್ದು ಎಂದರೆ ಆ ಕೂಟವೊಂದೇ. ಅಯ್ಯನವರು ಬರುವ ಮುಂಚೆ ಕಳ್ಳಿಯನ್ನು ತಾನೇ ಹಿಡಿದು ಹೊರಗೆ ಹಾಕಿದರೆ ಕೂಟ ಉಳಿಯುತ್ತದೆ ಎಂದು ಲೆಕ್ಕ ಹಾಕಿದಳು.

ಶನಿವಾರ ತನಗೆ ಜ್ವರವೆಂದು ಹೇಳಿ ಕಳಿಸಿದಳು. ಆಮೇಲೆ ಹಿಂಬಾಗಿಲಿನಿಂದ ಕೋಣೆಯೊಳಗೆ ಹೋಗಿ, ಗೂಟಕ್ಕೆ ನೇತುಹಾಕಿದ್ದ ಅಯ್ಯನವರ ನಿಲುವಂಗಿಯ ಹಿಂದೆ ನಿಂತಳು. ಅಯ್ಯನವರು ಕಡ್ಡಿಯಂಥ ಆಳು. ಸುವಾರ್ತಮ್ಮ ಅಂಥ ಮೂವರು ಅಯ್ಯನವರನ್ನು ಒಳಗಿಟ್ಟುಕೊಳ್ಳುವಷ್ಟಿದ್ದಳು. ಪುಣ್ಯಕ್ಕೆ ಕೋಣೆಯಲ್ಲಿ ಕತ್ತಲೆಯಿತ್ತು.

ಮೊದಲು ಬಂದವಳು ಜಲಜಮ್ಮ. ತಂದ ಅಕ್ಕಿಯನ್ನು ನೂಲಿನ ಎಳೆಯ ಹಾಗೆ ಸಣ್ಣಗೆ, ನಿಧಾನವಾಗಿ ಇಳಿಬಿಟ್ಟಳು. ಮುಗಿದ ಮೇಲೆ ಒಂದು ಬೊಗಸೆ ಮತ್ತೆ ಎತ್ತಿಕೊಂಡು ಇನ್ನೊಂದು ಸಲ ಸುರಿದಳು. ಸದ್ದು ಉದ್ದವಾಗಲಿ ಎಂದು! ಸುವಾರ್ತಮ್ಮನಿಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಜಲಜಮ್ಮನ ಈ ಉದ್ದ ಸದ್ದು ಕೇಳಿದವರು ತಮ್ಮದು ಕಡಿಮೆಯಾಯಿತೆಂದು ಹೆದರಿ ಹೆಚ್ಚು ತರುತ್ತಿದ್ದಾರೇನು?

ಆಮೇಲೆ ಕೋಲೂರಿಕೊಂಡು ಹೂವಮ್ಮ ಬಂದಳು. ಅಕ್ಕಿ ತೆಗೆದುಕೊಳ್ಳಬೇಕಾದವಳಿಗೆ ಇಲ್ಲೇನು ಕೆಲಸ? ಹೂವಮ್ಮ ಸೆರಗಿನ ಗಂಟು ಬಿಚ್ಚಿ, ಹೋದ ವಾರ ಕೂಟ ಕೊಟ್ಟಿದ್ದ ಅಕ್ಕಿಯಲ್ಲಿ ಅರ್ಧದಷ್ಟನ್ನು ವಾಪಸು ಕುಕ್ಕೆಗೆ ಹಾಕಿದಳು.

"ನನ್ನ ಕೈಯೂ ಕುಗ್ಗಿದೆ ಅಂತ ಅಂದ್ಕೋಬಾರ್ದಪ್ಪ ಆಯಮ್ಮ" ಎಂದು ಕುಕ್ಕೆಗೇ ಹೇಳಿ, ಕೋಲೂರಿಕೊಂಡು ಹೋದಳು.

ಕೊನೆಗೆ ಬಂಗಾರಮ್ಮ. ಬಂಗಾರಮ್ಮ ತಂದದ್ದು ಹಿಡಿಯಲ್ಲ, ಗಂಟು. ಅದನ್ನು ಬಿಚ್ಚುವಾಗ ಆಕೆಯ ಬಳೆಗಳು ಮೊಣಕೈವರೆಗೆ ಜಾರಿದವು. ತೋಳು ಅಷ್ಟು ಸೊರಗಿತ್ತು.

"ಜ್ವರ ಅಂತೆ ಜ್ವರ! ಎಲ್ಲೋ ಗೋಡೆಗೆ ಕಿವಿ ಕೊಟ್ಟು ಕೂತಿರ್ತಾಳೆ" ಎಂದು ಗೊಣಗಿದಳು. "ಏಸಪ್ಪಾ, ಆ ಅಕ್ಕನ ಕಿವಿಗೂ ಒಂದು ಹೊಟ್ಟೆ ಕೊಟ್ಟಿದೀಯ ನೀನು, ಎಷ್ಟು ಸುರಿದ್ರೂ ತುಂಬಲ್ಲ. ಕಡಿಮೆ ಹಾಕಿದ್ರೆ ಕೈ ಕುಗ್ತು ಅಂತಾಳೆ, ಜಾಸ್ತಿ ಹಾಕಿದ್ರೆ ಗಂಡ ಕಳ್ಳ ಅಂತಾಳೆ. ಇದು ನನ್ನ ಗಂಡ ಮಕ್ಕಳ ರಾತ್ರಿ ಊಟ ಕಣಪ್ಪಾ. ನಿನಗಾದ್ರೂ ಗೊತ್ತಿರ್ಲಿ."

ಸುರಿದಳು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೋದಳು.

ಕೂಟ ಮುಗಿದು ಎಲ್ಲರೂ ಹೋದ ಮೇಲೂ ಸುವಾರ್ತಮ್ಮ ನಿಲುವಂಗಿಯ ಹಿಂದಿನಿಂದ ಬರಲಿಲ್ಲ. ಎರಡು ಕುಕ್ಕೆ ಅಕ್ಕಿ ಎದುರಿಗಿತ್ತು. ಅದು ಡಿಪೋದಿಂದ ಬಂದದ್ದಲ್ಲ, ಆಕಾಶದಿಂದ ಇಳಿದದ್ದೂ ಅಲ್ಲ. ಎಲ್ಲಿಂದ ಬಂದದ್ದೆಂದು ಈಗ ನಿಜವಾಗಿಯೂ ಕರ್ತನಿಗೂ ಆಕೆಗೂ ಗೊತ್ತಿತ್ತು.

ಭಾನುವಾರ ಆರಾಧನೆ ಮುಗಿಯುತ್ತಲೇ ಅಯ್ಯನವರು ಪರದೆ ಸರಿಸಿದರು. ಹೆಂಗಸರೆಲ್ಲ ಬಾಗಿಲಲ್ಲಿ ಗುಂಪುಗೂಡಿದರು.

"ಇಷ್ಟು ಅಕ್ಕಿ ಎಲ್ಲಿಂದ ಬಂತು, ಸುವಾರ್ತಮ್ಮ?"

ಪವಾಡ ಎನ್ನಬಹುದಿತ್ತು. ಅಯ್ಯನವರು ಪವಾಡವನ್ನು ಬೇಡವೆನ್ನುವಂತಿರಲಿಲ್ಲ. ಕೂಟವೂ ಉಳಿಯುತ್ತಿತ್ತು. ಆದರೆ ಪವಾಡವೆಂದ ಮೇಲೆ ಅದು ಪ್ರತಿವಾರವೂ ನಡೆಯಬೇಕಲ್ಲ! ಸುವಾರ್ತಮ್ಮ ಬಂಗಾರಮ್ಮನ ತೋಳು ನೋಡಿದಳು.

"ಕದ್ದದ್ದು ಅಯ್ಯನೋರೆ."

ಎಲ್ಲರೂ ಬಂಗಾರಮ್ಮನ ಕಡೆ ತಿರುಗಿದರು.

"ಕದ್ದೋಳು ನಾನು. ಇವರ ಮನೆ ತಟ್ಟೆಗಳಿಂದ ಕದ್ದೆ. ಕೈ ಹಾಕಿ ಅಲ್ಲ, ಕಿವಿ ಹಾಕಿ. ಪರದೆ ಪಕ್ಕ ಕೂತು ಇವರನ್ನ ಹೆದರಿಸಿದೆ, ಇವರು ಉಪವಾಸ ಬಿದ್ದು ತಂದು ಸುರಿದ್ರು. ರಂಗಪ್ಪನ ತಕ್ಕಡೀಲಿ ಏನೂ ತಪ್ಪಿಲ್ಲ. ಅಕ್ಕಿ ಈಗ್ಲೇ ಬೇಯಿಸಿ, ಎಲ್ಲರೂ ಮಕ್ಕಳನ್ನ ಕರ್ಕೊಂಡು ಬಂದು ಉಣ್ಣಲಿ. ಕೂಟ ಮುಚ್ಚಬೇಡಿ, ನನ್ನನ್ನ ತೆಗೀರಿ."

ಅಯ್ಯನವರು ಪರದೆಯನ್ನು ಮತ್ತೆ ಎಳೆದರು. ಅವರ ನೆವ ಕೈಯಲ್ಲೇ ಕರಗಿಹೋಗಿತ್ತು. "ಹಾಗಾದರೆ ಇನ್ನು ಮೇಲೆ ಬಂಗಾರಮ್ಮನೇ ನಡೆಸಲಿ" ಎಂದರು.

"ಬೇಡ ಅಯ್ಯನೋರೆ!" ಬಂಗಾರಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. "ಸುವಾರ್ತಕ್ಕ ಸುಮ್ಸುಮ್ನೆ ಯಾವುದನ್ನೂ ಬಿಡೋಳಲ್ಲ. ಇದ್ರಲ್ಲೇನೋ ಇದೆ."

"ಹೂಂ ಮತ್ತೆ, ಹೊರಗೆ ಕೂತ್ರೆ ಇನ್ನೂ ಚೆನ್ನಾಗಿ ಕೇಳಿಸ್ತದೆ" ಎಂದಳು ಹೂವಮ್ಮ.

"ನಮ್ಮ ಕಣ್ಣೆದುರಿಗೇ ಇರ್ಲಿ ಅಯ್ಯನೋರೆ, ಅದೇ ಕ್ಷೇಮ" ಎಂದಳು ಜಲಜಮ್ಮ.

ಆ ಸಭೆ ಯಾವ ವಿಷಯದಲ್ಲೂ ಹಾಗೆ ಒಮ್ಮತಕ್ಕೆ ಬಂದದ್ದಿಲ್ಲ. 'ಸತ್ಯವಾಗಿ ಹೇಳ್ತಿದೀನಿ, ನನಗೆ ಬೇಡ' ಎಂದು ಸುವಾರ್ತಮ್ಮ ಅಂದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಅಯ್ಯನವರು ಕೂಟವನ್ನು ಆಕೆಯ ತಲೆಗೇ ಕಟ್ಟಿ ಸಂಜೆಯ ರೈಲು ಹಿಡಿದರು.

ಗುಡಿಯ ಅಂಗಳದಲ್ಲಿ ಅಂದು ಬೆಂದ ಅನ್ನದ ರಾಶಿ ಹಂಚಿನ ಮಾಡು ಮುಟ್ಟಿತೆಂದು ಉಂಡವರು ಹೇಳುತ್ತಾರೆ. ಉಣ್ಣದವರು ಇನ್ನೂ ಎತ್ತರ ಹೇಳುತ್ತಾರೆ. ಎಲ್ಲರ ಊಟ ಆದ ಮೇಲೆ ಸುವಾರ್ತಮ್ಮ ಒಂದು ಎಲೆಯ ಮೇಲೆ ಒಂದು ಹಿಡಿ ಅನ್ನ ಹಾಕಿಕೊಂಡು ಮೂಲೆಗೆ ಕೂತಳು.

ಬಂಗಾರಮ್ಮ ಸೌಟು ಹಿಡಿದು ಬಂದಳು. "ಯಾಕಕ್ಕ ಇಷ್ಟೇ? ಯಾರಿಗೆ ತೋರ್ಸೋಕೆ?"

"ಹಸಿವಿಲ್ಲ ಕಣೆ."

"ಹಸಿವಿಲ್ವಂತೆ" ಎಂದು ಬಂಗಾರಮ್ಮ ಎಲೆಯ ಮೇಲೆ ಗುಡ್ಡದಷ್ಟು ಅನ್ನ ಬಡಿಸಿ, ಸಾರು ಸುರಿದಳು. ಆಮೇಲೆ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತಳು. ಜಲಜಮ್ಮ ಬಂದು ಕೂತಳು. ಹೂವಮ್ಮನೂ ಕೋಲು ಪಕ್ಕಕ್ಕಿಟ್ಟು ಕೂತಳು. ಸುವಾರ್ತಮ್ಮ ಒಂದೊಂದು ತುತ್ತು ಬಾಯಿಗಿಟ್ಟಾಗಲೂ ಅದು ಒಳಗೆ ಇಳಿಯಿತೋ ಇಲ್ಲವೋ ಎಂದು ಮೂವರೂ ಆಕೆಯ ಗಂಟಲನ್ನೇ ನೋಡುತ್ತಿದ್ದರು.