ಕಿಟಕಿ ಮುಚ್ಚಿ ಮಾತಾಡುತ್ತಿದ್ದ ಅಜ್ಜಿ

ಆಸ್ಟ್ರೇಲಿಯಾದ ವೆರಿಬೀಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸ್ಲೊವೀನ್ ಅಜ್ಜಿ ತಮ್ಮೂರಿನ ತಂಗಿಗೆ ಫೋನ್ ಮಾಡುವ ಮುಂಚೆ ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದರು. ಎಂಥ ಸೆಕೆಯಿದ್ದರೂ ಅಷ್ಟೇ. ಆದರೆ ನಾನು ಬೇಲಿಯ ಬಳಿ ನಿಂತು ಮೈಸೂರಿನ ಅಮ್ಮನ ಜೊತೆ ಫೋನಿನಲ್ಲಿ ಪಿಸುಗುಟ್ಟಿದರೆ ಗದರುತ್ತಿದ್ದರು: "ಜೋರಾಗಿ ಮಾತಾಡು. ಇಲ್ಲಿ ಯಾರೂ ಹೊಡೆಯಲ್ಲ."

"ಮತ್ತೆ ನಿಮ್ಮ ಕಿಟಕಿ?" ಎಂದು ಒಮ್ಮೆ ಅವರ ಮನೆಯಲ್ಲಿ ಕೂತಿದ್ದಾಗ ಕೇಳಿಯೇಬಿಟ್ಟೆ.

ಅವರು ಹುಟ್ಟಿದ ಹಳ್ಳಿ ಆಗ ಇಟಲಿಯ ಫ್ಯಾಸಿಸ್ಟರ ಕೈಯಲ್ಲಿತ್ತಂತೆ. ಶಾಲೆಯಲ್ಲಿ ಮನೆಮಾತಾದ ಸ್ಲೊವೀನ್ ಮಾತಾಡಿದರೆ ಮೇಷ್ಟ್ರು ಬಾಯಿಯ ಮೇಲೆ ಹೊಡೆಯುತ್ತಿದ್ದರಂತೆ. "ಅಮ್ಮ ಕಿಟಕಿ ಮುಚ್ಚಿ ಜೋಗುಳ ಹಾಡ್ತಿದ್ಲು" ಎಂದು ನಕ್ಕು, ನನ್ನ ತಟ್ಟೆಗೆ ಇನ್ನೊಂದು ತುಂಡು ಕೇಕ್ ಹಾಕಿದರು. ಬೇಡವೆಂದರೆ ಕೇಳುವವರಲ್ಲ.

ತಂಗಿಯ ತೊಂಬತ್ತನೇ ಹುಟ್ಟುಹಬ್ಬದ ದಿನ ನಾನು ಅವರ ಅಡುಗೆಮನೆಯಲ್ಲಿದ್ದೆ. ಅವರು ಫೋನ್ ಎತ್ತಿಕೊಂಡದ್ದು ಕಂಡು ನಾನೇ ಕಿಟಕಿ ಮುಚ್ಚಲು ಎದ್ದೆ.

"ಬಿಡು, ಇವತ್ತು ತೆಗೆದಿರ್ಲಿ."

ಆಮೇಲೆ ಬೀದಿಗೆಲ್ಲ ಕೇಳುವಂತೆ ಅದೇ ಜೋಗುಳ ಹಾಡಿದರು. ಒಡಕು ದನಿ. ಎದುರುಮನೆಯ ನಾಯಿಯೂ ದನಿಗೂಡಿಸಿತು.

ಹಾಡು ಮುಗಿಸಿ ಫೋನಿಟ್ಟರು. ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ಎದ್ದು ಹೋಗಿ, ಬೀದಿಯಲ್ಲಿ ಯಾರಾದರೂ ನಿಂತಿದ್ದಾರೆಯೇ ಎಂದು ಕಿಟಕಿಯಿಂದ ಇಣುಕಿ ನೋಡಿದರು.