ಹೇಜಲಮ್ಮನ ಕಾಳುಚೀಲ

ಗ್ಯಾರೇಜಿನ ಬಾಗಿಲು ತಳ್ಳಿದೆ. ತೊಲೆಗೆ ಕಟ್ಟಿದ ಒದ್ದೆ ಬಟ್ಟೆಯ ಚೀಲವೊಂದು ನೇತಾಡುತ್ತಿತ್ತು. ಮೈತುಂಬ ಹಬೆ, ತಳದಿಂದ ಕಂದು ನೀರು ತೊಟ್ಟಿಕ್ಕುತ್ತಿತ್ತು. ಎಪ್ಪತ್ತು ದಾಟಿದ ಹೆಂಗಸೊಬ್ಬರು ರಬ್ಬರ್ ಗವಸು ತೊಟ್ಟು ಅದನ್ನು ಎರಡೂ ಕೈಯಲ್ಲಿ ಒತ್ತುತ್ತಿದ್ದರು. ನಾನು ಬಾಡಿಗೆ ಕೋಣೆ ಕೇಳಲು ಹೋದವನು. "ಬಿಯರ್ ಮಾಡ್ತಿದ್ದೀನಿ. ಕೋಣೆ ಮೇಲಿದೆ, ನೋಡ್ಕೊಂಡು ಬಾ" ಅಂದರು, ತಲೆ ಕೂಡ ಎತ್ತದೆ.

ನಮ್ಮ ಸಂತೆಬಾಚಹಳ್ಳಿಯಲ್ಲಿ ಅಜ್ಜಿಯೊಬ್ಬರು ಮನೆಯಲ್ಲಿ ಬಿಯರ್ ಕಾಯಿಸಿದರೆ ಊರಿಗೆ ಒಂದು ವರ್ಷಕ್ಕಾಗುವಷ್ಟು ಮಾತು. ನ್ಯೂಜಿಲೆಂಡಿನ ದಕ್ಷಿಣ ಭಾಗದ ಈ ಡನೀಡಿನ್‌ನಲ್ಲಿ ಅದು ಉಪ್ಪಿನಕಾಯಿ ಹಾಕಿದಷ್ಟೇ ಸಹಜ.

ನಾನು ಬಡಗಿ. ಅಪ್ಪನ ಕೈಯಲ್ಲಿ ಉಳಿ ಹಿಡಿಯಲು ಕಲಿತು, ಪಾಂಡವಪುರ, ನಾಗಮಂಗಲದ ಕಡೆಯೆಲ್ಲ ಬಾಗಿಲು ಕಿಟಕಿ ಕೂರಿಸಿದವನು. ಇಲ್ಲಿ ಇಡೀ ಮನೆಯೇ ಮರದ್ದು, ಹಾಗಾಗಿ ಕೆಲಸಕ್ಕೆ ಅಂಜಿಕೆ ಇರಲಿಲ್ಲ. ಕಷ್ಟವಾದದ್ದು ಮಾತು. ಹತ್ತು ಗಂಟೆಗೆ ಮೇಸ್ತ್ರಿ "ಸ್ಮೋಕೋ" ಎಂದು ಕೂಗಿದರೆ ಬೀಡಿ ಸೇದಲು ಕರೆಯುತ್ತಾರೆಂದು ಒಂದು ವಾರ ದೂರವೇ ನಿಂತಿದ್ದೆ. ಅದು ಟೀ ಕುಡಿಯುವ ಬಿಡುವು. ಇನ್ನೊಂದು "ಯಾ, ನಾ". ಮೊದಲು ಹೂಂ ಅಂದು, ಆಮೇಲೆ ಇಲ್ಲ ಅನ್ನುವುದು. ಅರ್ಥ ಇಲ್ಲ ಅಂತಲೇ. ಈ ಮಾತು ನನಗೆ ಬಲು ದುಬಾರಿಯಾಗಿ ತಲೆಗೆ ಹತ್ತಿತು.

ಆ ಕೋಣೆಯಲ್ಲೇ ಉಳಿದೆ. ಮನೆಯೊಡತಿಯ ಹೆಸರು ಹೇಜಲ್. ಹಾಗೇ ಕರೆ ಅಂದರು. ತಾಯಿಗಿಂತ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಒಪ್ಪಲಿಲ್ಲ. ಹೇಜಲಮ್ಮ ಅಂದೆ. ಅವರಿಗೆ ಹಿಡಿಸಿತು.

ಅವರ ಗಂಡ ಅಲನ್ ಬದುಕಿದ್ದಾಗ ಪ್ರತಿ ವಸಂತಕ್ಕೆ ಬೀದಿಯವರನ್ನೆಲ್ಲ ಕರೆದು ತಾವೇ ಮಾಡಿದ ಬಿಯರ್ ಹಂಚುತ್ತಿದ್ದರಂತೆ. ಅವರು ಹೋದ ಮೇಲೂ ಹೇಜಲಮ್ಮ ಅದನ್ನು ನಿಲ್ಲಿಸಿರಲಿಲ್ಲ. ಆದರೆ ಎರಡು ವರ್ಷದಿಂದ ಬಿಯರ್ ನೀರುನೀರು. ಬಂದವರು ನೆಂಟರಂತೆ ನಗುತ್ತ ಅರ್ಧ ಲೋಟ ಹಾಗೇ ಬಿಟ್ಟು ಹೋಗುತ್ತಿದ್ದರು. "ಈ ಸಲವೂ ಹೀಗೇ ಆದರೆ ಪಾತ್ರೆಯನ್ನೆಲ್ಲ ಯಾರಿಗಾದರೂ ಕೊಟ್ಟುಬಿಡ್ತೀನಿ" ಅಂದರು.

ಕೆಲಸ ಸರಳ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಚೀಲಕ್ಕೆ ಹಾಕಿ, ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಬೇಕು. ಆಗ ಕಾಳಿನ ಹಿಟ್ಟು ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ಎಷ್ಟು ಇಳಿಯಿತೆಂದು ತೋರಿಸಲು ಒಂದು ಗಾಜಿನ ಕಡ್ಡಿ, ನಮ್ಮ ಡೈರಿಯಲ್ಲಿ ಹಾಲಿಗೆ ಬಿಡುವಂಥದ್ದೇ. ಅದು ನಲವತ್ತೆಂಟು ತೋರಿಸಬೇಕಿತ್ತು. ಮೂವತ್ತೆಂಟು ತೋರಿಸುತ್ತಿತ್ತು.

ಕ್ಯಾತನಹಳ್ಳಿಯಲ್ಲಿ ನಮ್ಮ ಭಾವನ ಆಲೆಮನೆ ಇದೆ. ಗಾಣಕ್ಕೆ ಕೊಟ್ಟ ಕಬ್ಬಿನ ಸಿಪ್ಪೆ ಒಣಕಲಾಗಿ ಬರದಿದ್ದರೆ ಅವನಿಗೆ ಸಮಾಧಾನವಿಲ್ಲ. ಚೀಲ ಒತ್ತಲು ಕೈಜೋಡಿಸಿದ್ದ ನಾನು ಅದೇ ಗುಂಗಿನಲ್ಲಿ, "ಇನ್ನೂ ಜೋರಾಗಿ ಹಿಂಡಲಾ?" ಎಂದು ಕೇಳಿದೆ.

"ಯಾ, ನಾ—"

ನನಗೆ ಕೇಳಿಸಿದ್ದು ಮೊದಲರ್ಧ ಮಾತ್ರ. ಒದ್ದೆ ಪಂಚೆ ಹಿಂಡುವಂತೆ ಚೀಲವನ್ನು ತಿರುಚಿದೆ. ಹೊಲಿಗೆ ಪರ್ರನೆ ಹರಿದು ಬಿಸಿ ಕಾಳು ಅರ್ಧ ಪಾತ್ರೆಗೆ, ಅರ್ಧ ನೆಲಕ್ಕೆ ಸುರಿಯಿತು. ಹೇಜಲಮ್ಮ ಹರಿದ ಬಟ್ಟೆಯನ್ನು ಕೈಗೆ ತೆಗೆದುಕೊಂಡರು. "ಅಲನ್ ಹೊಲಿದದ್ದು" ಎಂದಷ್ಟೇ ಹೇಳಿ ಒಳಗೆ ಹೋದರು. ಎರಡು ದಿನ ಮಾತಿಲ್ಲ. ಊರಲ್ಲಾಗಿದ್ದರೆ ಬೈದು, ಆಮೇಲೆ ಊಟಕ್ಕೆ ಕರೆಯುತ್ತಿದ್ದರು. ಇಲ್ಲಿ ಬೈಗುಳವೂ ಇಲ್ಲದ ಆ ಮೌನದಲ್ಲಿ, ಬಂದು ಆರು ತಿಂಗಳಾದ ಮೇಲೆ ಮೊದಲ ಸಲ ನಾನು ಪರದೇಶಿ ಅನ್ನಿಸಿತು.

ಅವ್ವನಿಗೆ ಫೋನ್ ಮಾಡಿ, ಬಾರ್ಲಿ ಎಷ್ಟು ಹಿಂಡಿದರೂ ಸಿಹಿ ಇಳಿಯದ ಕಥೆ ಹೇಳಿದೆ.

"ಬಾರ್ಲಿನಾ? ಯಾರ್ಗ್ಲಾ ಉಸಾರಿಲ್ಲ?" ಅಂದಳು.

"ಎಲ್ರೂ ಚೆನ್ನಾಗವ್ರೆ ಕಣವ್ವ. ನಮ್ ಓನರಮ್ಮ ಅದ್ರಲ್ಲಿ ಒಂಥರಾ ಪಾನಕ ಮಾಡ್ತಾರೆ."

"ಕುಡುದ್ರೆ ಮತ್ತು ಬತ್ತದಾ?"

"ವಸಿ ಬತ್ತದೆ."

"ಎಂಡ ಅನ್ನು. ಅದ್ಕ್ಯಾಕೆ ಇಷ್ಟು ಸುತ್ತಾಕ್ತೀಯ? ನೀನು ಬಾಯ್ಗೆ ಇಟ್ರೆ ಕಾಲ್ ಮುರೀತೀನಿ, ಆ ಮಾತು ಬ್ಯಾರೆ. ಈಗ ಯೋಳು, ಕಾಳು ನುಚ್ಚಾಗಿತ್ತಾ?"

"ಕೈಲಿ ತಿರುಗ್ಸೋ ಮಿಷನ್ ಐತೆ."

"ಮಿಷನ್ ಇದ್ರೆ ಆಗೋಯ್ತಾ? ನೆಂದಿರೋ ಕಾಳು ಕಚ್ಚಿ ನೋಡ್ಲಾ. ಒಳ್ಗೆ ಹಿಟ್ಟು ಅಂಗೇ ಕುಂತಿದ್ರೆ ನೀನೆಷ್ಟ್ ಹಿಂಡುದ್ರೂ ಏನ್ ಬತ್ತದೆ?"

ಪಕ್ಕದ ಮನೆಯ ಕೋಳಿಗೆಂದು ಎತ್ತಿಟ್ಟ ಬಕೆಟ್ಟಿನಿಂದ ಹಿಡಿ ನೆಂದ ಕಾಳು ತೆಗೆದು ಕಚ್ಚಿದೆ. ಎರಡಕ್ಕೊಂದು ಇಡಿಯಾಗಿತ್ತು, ನಡುವೆ ಬೆಳ್ಳನೆಯ ಹಿಟ್ಟು. ಮಿಷನ್ನಿನ ಎರಡು ಉರುಳೆಗಳ ನಡುವೆ ತೆಳುತಗಡು ತೂರಿಸಿ ನೋಡಿದೆ. ಅಲನ್ ಬಿಗಿದಿದ್ದ ತಿರುಪು, ಮಿಷನ್ ತಿರುಗಿಸಿ ತಿರುಗಿಸಿ ಸಡಿಲಾಗಿ, ಸಂದು ಅಗಲವಾಗಿತ್ತು. ಅವರು ಹೋದ ಮೇಲೆ ಆ ತಿರುಪನ್ನು ಯಾರೂ ಮುಟ್ಟಿರಲಿಲ್ಲ.

ಹಳೇ ಸಾಮಾನಿನ ಅಂಗಡಿಯಿಂದ ಜಾಲರಿ ಪರದೆ ತಂದು, ಎರಡೆರಡು ಹೊಲಿಗೆ ಹಾಕಿ ಹೊಸ ಚೀಲ ಮಾಡಿದೆ. ಪಾತ್ರೆಯ ಬಾಯಿಗೆ ಮರದ ಪಟ್ಟಿಗಳ ಜಾಲರಿ ಕೂರಿಸಿದೆ. ಅದರ ಮೇಲೆ ಚೀಲವಿಟ್ಟು ಮುಚ್ಚಳದಿಂದ ಒತ್ತಿದರೆ ಸಾಕು, ತಿರುಚಬೇಕಿಲ್ಲ. ಎರಡನ್ನೂ ಅಡುಗೆಮನೆಯ ಮೇಜಿನ ಮೇಲೆ ಇಟ್ಟೆ. ಹೇಜಲಮ್ಮ ಹೊಲಿಗೆಯನ್ನು ಬೆರಳಿನಿಂದ ಎಳೆದು ನೋಡಿದರು. "ಅಲನ್‌ದಕ್ಕಿಂತ ಗಟ್ಟಿ ಇದೆ" ಅಂದರು. ಆಮೇಲೆ, "ಸುಮ್ಮನೆ ನಿಂತ್ಕೋಬೇಡ, ಕಾಳು ತೂಗು."

ಸಂದು ಕಿರಿದು ಮಾಡಿ ಒಡೆದಾಗ ಒಂದು ಕಾಳೂ ಇಡಿಯಾಗಿ ಉಳಿಯಲಿಲ್ಲ. ಚೀಲವಿರುವುದರಿಂದ ನುಚ್ಚು ಸಣ್ಣದಾದರೂ ಚಿಂತೆಯಿಲ್ಲ. ಗಂಟು ಕಟ್ಟದಂತೆ ಮುದ್ದೆಯನ್ನು ಹಿಟ್ಟಿನ ಕೋಲಿನಲ್ಲಿ ತಿರುವುವ ಹಾಗೆ ತಿರುವಿದೆ. ಬಿಸಿ ಆರದಂತೆ ಅವರು ಪಾತ್ರೆಗೆ ರಜಾಯಿ ಸುತ್ತಿದರು. ಕೊನೆಗೆ, ಮೊದಲೇ ಎತ್ತಿಟ್ಟಿದ್ದ ಎರಡು ಜಗ್ಗು ಬಿಸಿನೀರನ್ನು ಚೀಲದ ಮೇಲೆ ನಿಧಾನವಾಗಿ ಹುಯ್ದು, ಕಾಳಿಗೆ ಅಂಟಿದ್ದ ಸಿಹಿಯನ್ನೂ ಇಳಿಸಿಕೊಂಡೆವು. ಲೋಟದಷ್ಟು ತೆಗೆದು ಆರಿಸಿ, ಕಡ್ಡಿ ಬಿಟ್ಟೆವು. ಅವರು ಕನ್ನಡಕ ಒರೆಸಿಕೊಂಡು ಬಗ್ಗಿದರು.

"ನಲವತ್ತೊಂಬತ್ತು" ಅಂದರು. ಇನ್ನೊಂದು ಸಲ ಬಗ್ಗಿ ನೋಡಿ, ಗವಸು ಹಾಕಿದ ಕೈಯಲ್ಲೇ ನನ್ನ ಬೆನ್ನಿಗೆ ಗುದ್ದಿದರು.

ಆ ಲೋಟದ್ದನ್ನು ಕುಡಿದೆ. ಹುದುಗು ಬಂದಿರಲಿಲ್ಲವಾದ್ದರಿಂದ ಅದಿನ್ನೂ ಬಿಯರ್ ಆಗಿರಲಿಲ್ಲ, ಅವ್ವನ ಮಾತಿಗೆ ಭಂಗವಿಲ್ಲ. ರಾಗಿ ಮಾಲ್ಟಿಗೆ ಬೆಲ್ಲ ಒಂದು ಹಿಡಿ ಹೆಚ್ಚಾದ ರುಚಿ.

ಸೆಪ್ಟೆಂಬರಿನಲ್ಲಿ ಇಲ್ಲಿಗೆ ವಸಂತ ಬಂತು. ಬೀದಿಯವರು ಬಂದರು. ನಾನು ನಿಂಬೆ ಶರಬತ್ತು ಹಿಡಿದು ಲೋಟಗಳನ್ನೇ ನೋಡುತ್ತ ಕೂತಿದ್ದೆ. ಎಲ್ಲ ಖಾಲಿಯಾದವು, ಮತ್ತೆ ತುಂಬಿದವು. ಎದುರುಮನೆಯ ಮುದುಕರೊಬ್ಬರು "ಅಲನ್ ವಾಪಸ್ ಬಂದ ಹಾಗಿದೆ" ಅಂದಾಗ ಹೇಜಲಮ್ಮ ನನ್ನ ಕಡೆ ಬೆರಳು ತೋರಿಸಿದರು.

ಮರುವಾರ ತಂಗಿಯ ಫೋನ್. ಕೆ.ಆರ್. ಪೇಟೆಯಲ್ಲಿ ಅವಳ ಹೊಸ ಮನೆಗೆ ಬಾಗಿಲು ಇಡಬೇಕು, ಅಣ್ಣನೇ ನಿಲ್ಲಿಸಬೇಕು. ಒಂದು ತಿಂಗಳ ರಜೆಗೆ ಟಿಕೆಟ್ ಮಾಡಿಸಿದೆ. "ಯಾವತ್ಗೆ ಬತ್ತೀಯ್ಲಾ?" ಎಂದು ಅವ್ವ ಕೇಳಿದಳು. ಹೊರಡುವ ದಿನ ಹೇಜಲಮ್ಮ ಕೇಳಿದ್ದೂ ಅದೇ, "ಯಾವತ್ತು ಬರ್ತೀಯ?"

ಚೀಲ ಹೆಗಲಿಗೇರಿಸಿ, ಬಾಯಿಗೆ ಬಂದಂತೆ "ಬತ್ತೀನಿ ಕಣಮ್ಮ" ಅಂದೆ.

ಹಾಗಂದರೇನೆಂದು ಕೇಳಿದರು. ಬರುತ್ತೇನೆ ಅಂತ, ಹೋಗುವಾಗ ನಮ್ಮ ಕಡೆ ಹಾಗೇ ಹೇಳುವುದು ಅಂದೆ.

"ಸರಿ, ಯಾವ ಕಡೆಗೆ?" ಅಂದರು.

ಟ್ಯಾಕ್ಸಿ ಕಾಯುತ್ತಿತ್ತು. ಎರಡು ಕಡೆಗೂ ಅಂದೆ.