ಷಡಕ್ಷರಪ್ಪನವರ ಹೆದರಿಕೆ

ಷಡಕ್ಷರಪ್ಪನವರಷ್ಟು ಹೆದರುವ ಇನ್ನೊಬ್ಬ ಗಂಡಸನ್ನು ನಾನು ಕಂಡಿಲ್ಲ. ಇದನ್ನು ಅವರ ಎದುರೇ ಹತ್ತಾರು ಸಲ ಹೇಳಿದ್ದೇನೆ, ಈಗ ಬರೆಯುವುದಕ್ಕೆ ಸಂಕೋಚವೇನಿಲ್ಲ. ರಾಗಿಗುಡ್ಡದ ಮನೆಯಿಂದ ದಿನಾ ಅದೇ ಸಿಟಿ ಬಸ್ಸು ಹತ್ತಿದರೂ ದಿನಾ ಕಂಡಕ್ಟರನ್ನು 'ಇದು ಸ್ಟ್ಯಾಂಡಿಗೇ ಹೋಗುತ್ತಲ್ವಾ' ಎಂದು ಕೇಳುವವರು. ಅವನು ಹೌದು ಎಂದರೂ ಪಕ್ಕದಲ್ಲಿ ಕೂತವರನ್ನು ಇನ್ನೊಮ್ಮೆ ಕೇಳುವವರು. ಬೀಗ ಹಾಕಿ, ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ಹಿಂದಿರುಗಿ ಬಂದು ಮತ್ತೆ ಜಗ್ಗುವವರು. ಹಗ್ಗ ಕಂಡು ಹಾವು ಅನ್ನುವವರನ್ನು ನೋಡಿದ್ದೇನೆ. ಇವರು ಹಗ್ಗವೇ ಇಲ್ಲದ ಕಡೆಯೂ ಹಾವು ಹುಡುಕುತ್ತಿದ್ದರು.

ಶಿವಮೊಗ್ಗದ ನಮ್ಮ ರಕ್ತನಿಧಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಅವರದು. ನಾನು ಜಲಜಮ್ಮ, ಅಲ್ಲಿಯೇ ಲ್ಯಾಬ್ ಟೆಕ್ನಿಷಿಯನ್. ಇಪ್ಪತ್ತಾರು ವರ್ಷದಿಂದ ರಕ್ತ ಪರೀಕ್ಷೆ ಮಾಡುತ್ತಾ ಬಂದಿದ್ದೇನೆ, ಬಾಯಿ ಸ್ವಲ್ಪ ಜೋರು. ಷಡಕ್ಷರಪ್ಪನವರಿಗೆ ರಕ್ತ ಕಂಡರೂ ಭಯ. ರಕ್ತದ ಚೀಲಗಳ ಟ್ರೇ ಕಾರಿಡಾರಿನಲ್ಲಿ ಬಂದರೆ ಗೋಡೆ ಕಡೆ ತಿರುಗಿ ಕ್ಯಾಲೆಂಡರ್ ಓದುತ್ತಾ ನಿಲ್ಲುತ್ತಿದ್ದರು. 'ಇಂಥವರಿಗೆ ಬೇರೆ ಎಲ್ಲೂ ಕೆಲಸ ಸಿಗಲಿಲ್ವಾ' ಎಂದು ಒಮ್ಮೆ ಕೇಳಿಯೇಬಿಟ್ಟೆ.

ಅವತ್ತು ಹೇಳಿದರು. ಮೊದಲು ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿದ್ದರಂತೆ. ಒಂದು ದಿನ ಯಂತ್ರ ನಿಂತಿದೆ ಎಂದು ಬೋರ್ಡಿನ ದೀಪ ತೋರಿಸುತ್ತಿತ್ತು. ಇವರು ದೀಪ ನೋಡಿ 'ನಿಂತಿದೆ, ಕೈ ಹಾಕು' ಎಂದರು. ಯಂತ್ರ ನಿಂತಿರಲಿಲ್ಲ. ಜೊತೆಗಾರನ ಮೂರು ಬೆರಳು ಹೋದವು.

"ಅವತ್ತಿಂದ ದೀಪ ಹೇಳಿದ್ದನ್ನ ನಾನು ನಂಬಲ್ಲ ಜಲಜಮ್ಮನೋರೆ," ಎಂದರು. ಅವತ್ತೊಂದು ದಿನ ಅವರನ್ನು ಗೇಲಿ ಮಾಡಲಿಲ್ಲ. ಮರುದಿನದಿಂದ ಮತ್ತೆ ತಮಾಷೆ ಮಾಡಿದೆ. ನನ್ನ ಸ್ವಭಾವವೇ ಹಾಗೆ.

ಈಗ ಶೀತಲ್ ವಿಷಯ ಹೇಳಬೇಕು. ಭದ್ರಾವತಿಯ ಹುಡುಗಿ, ಒಂಬತ್ತು ವರ್ಷ. ಅವಳ ದೇಹ ತನಗೆ ಬೇಕಾದ ರಕ್ತವನ್ನು ತಾನು ಮಾಡಿಕೊಳ್ಳುವುದಿಲ್ಲ. ಥಲಸ್ಸೀಮಿಯಾ. ಹುಟ್ಟಿದ ಎಂಟನೇ ತಿಂಗಳಿನಿಂದ ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತದ ಮೇಲೆಯೇ ಬದುಕಿದ್ದಾಳೆ. ತಾಯಿ ಪುಷ್ಪಮ್ಮ ಬೆಳಗಿನ ಬಸ್ಸಿಗೆ ಅವಳನ್ನು ಕರೆತಂದು, ಸಂಜೆ ಕೆನ್ನೆಗೆ ಬಣ್ಣ ಬಂದ ಮೇಲೆ ಕರೆದುಕೊಂಡು ಹೋಗುತ್ತಾಳೆ.

ಇಂಥ ಮಕ್ಕಳಲ್ಲಿ ಒಂದು ಅಪಾಯವಿದೆ. ಅಷ್ಟೊಂದು ಜನರ ರಕ್ತ ಹೋಗಿ ಹೋಗಿ, ಯಾವುದೋ ಒಂದು ಗುಣದ ರಕ್ತದ ಮೇಲೆ ದೇಹ ಹಗೆ ಕಟ್ಟಿಕೊಳ್ಳುತ್ತದೆ. ಗುಂಪು ಅದೇ ಆಗಿದ್ದರೂ ಆ ರಕ್ತ ಆಗುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಎರಡು ಮೂರು ತಿಂಗಳು ಕಳೆದರೆ ಆ ಹಗೆ ನಮ್ಮ ಪರೀಕ್ಷೆಗೆ ಕಾಣಿಸದೇ ಹೋಗಬಹುದು. ನಮಗೆ ಕಾಣುವುದಿಲ್ಲ, ದೇಹ ಮರೆತಿರುವುದಿಲ್ಲ. ಅದೇ ರಕ್ತ ಮತ್ತೆ ಹೋದರೆ ಒಳಗಿನ ರಕ್ತವೆಲ್ಲ ಒಡೆದು ಮಗುವಿನ ಜೀವಕ್ಕೇ ಕುತ್ತು. ಹಾಗಾಗಿ ಹಿಂದೆ ಎಂದಾದರೂ ಸಿಕ್ಕಿದ್ದು ಬರೆದಿಟ್ಟಿದ್ದರೆ ಮಾತ್ರ ಕಾಪಾಡುತ್ತದೆ. ನಮ್ಮಲ್ಲಿ ಅದೆಲ್ಲ ಇದ್ದದ್ದು ಕಂಪ್ಯೂಟರಿನಲ್ಲಿ, ಷಡಕ್ಷರಪ್ಪನವರ ಕೈಕೆಳಗೆ.

ಜನವರಿ ಕೊನೆಯ ಶನಿವಾರ ಸಾಫ್ಟ್‌ವೇರ್ ಬದಲಾಯಿಸಬೇಕೆಂದು ಗೊತ್ತಾಯಿತು. ಹಳೆಯದು ಇನ್ನು ನಡೆಯುವುದಿಲ್ಲ, ಮಾಹಿತಿಯೆಲ್ಲ ಇರುವ ದೊಡ್ಡ ಕಂಪ್ಯೂಟರನ್ನು, ಅಂದರೆ ಸರ್ವರ್ ಅನ್ನು, ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕು, ಆಮೇಲೆ ಬ್ಯಾಕಪ್ಪಿನಿಂದ ಮಾಹಿತಿ ವಾಪಸ್ ತುಂಬಬೇಕು. ಬ್ಯಾಕಪ್ ಅಂದರೆ ಸರ್ವರ್‌ಗೆ ವೈರಿನಲ್ಲಿ ಸಿಕ್ಕಿಸಿದ ಸೋಪಿನ ಡಬ್ಬಿಯಷ್ಟು ದೊಡ್ಡ ಕಪ್ಪು ಡಿಸ್ಕ್. ದಿನಾ ಬೆಳಗ್ಗೆ ಎಲ್ಲದರ ಒಂದು ಪ್ರತಿ ಅದರೊಳಗೆ ಹೋಗಿ 'ಬ್ಯಾಕಪ್ ಯಶಸ್ವಿ' ಎಂದು ಪರದೆಯ ಮೇಲೆ ಬರುತ್ತಿತ್ತು.

ನಾನು ಮಗಳ ಬಾಣಂತನಕ್ಕೆಂದು ಎರಡೂವರೆ ತಿಂಗಳು ರಜೆ ಹಾಕಿ ಆ ಮಂಗಳವಾರವಷ್ಟೇ ವಾಪಸ್ ಬಂದಿದ್ದೆ. ನನ್ನ ಜಾಗದಲ್ಲಿ ಇದ್ದವನು ಭೀಮೇಶ್ ಎಂಬ ಹುಡುಗ. ಹೋಗುವಾಗ "ಎಲ್ಲಾ ಕಂಪ್ಯೂಟರಲ್ಲಿ ಹಾಕಿದೀನಿ ಮೇಡಂ" ಎಂದಷ್ಟೇ ಹೇಳಿ ದಾವಣಗೆರೆಗೆ ಹೋದ.

ಶನಿವಾರ ಬೆಳಗ್ಗೆ ಏಳಕ್ಕೇ ಷಡಕ್ಷರಪ್ಪನವರು ಬಂದಿದ್ದರು. ಹಣೆಯ ಮೇಲೆ ಮೂರು ಬೆರಳ ವಿಭೂತಿ ಎಂದಿಗಿಂತ ದಪ್ಪವಾಗಿತ್ತು. ಬ್ಯಾಕಪ್ಪಿನ ಫೋಲ್ಡರ್ ತೆಗೆದು ತೋರಿಸಿದರು. ಅವತ್ತಿನದೇ ದಿನಾಂಕ, ಗಾತ್ರವೂ ಸರಿ. ಆದರೂ ಅವರಿಗೆ ಸಮಾಧಾನವಿಲ್ಲ.

"ಇನ್ನೊಂದು ಕಂಪ್ಯೂಟರಿಗೆ ಈ ಡಿಸ್ಕ್ ಹಾಕಿ, ತುಂಬಿ ನೋಡ್ತೀನಿ. ಆಮೇಲೆ ಅಳಿಸ್ತೀನಿ. ಮೂರು ಗಂಟೆ ಸಾಕು."

ಹನ್ನೊಂದಕ್ಕೆ ಮಕ್ಕಳು ಬರುವವರಿದ್ದರು. ನನಗೆ ಮೈ ಉರಿಯಿತು. "ಕಣ್ಣೆದುರಿಗೇ ಕಾಣ್ತಿದೆಯಲ್ಲ ಸ್ವಾಮಿ! ಅಂಗೈ ಹುಣ್ಣಿಗೂ ಕನ್ನಡಿ ಬೇಕಾ? ನಿಮ್ಮ ಹೆದರಿಕೆಗೆ ಆ ಕೂಸುಗಳು ಸಂಜೆವರೆಗೂ ಕಾಯ್ಬೇಕಾ?" ಎಂದೆ. ನಮ್ಮ ಡಾಕ್ಟರ್ ಪ್ರಿಯದರ್ಶಿನಿ ಅವರಿಗೂ ನನ್ನ ಮಾತೇ ಸರಿ ಅನ್ನಿಸಿತು. ಷಡಕ್ಷರಪ್ಪನವರು ತಲೆ ತಗ್ಗಿಸಿ, ಡಿಸ್ಕನ್ನು ಬಿಡಿಸಿ ಪಕ್ಕಕ್ಕಿಟ್ಟು, ಸರ್ವರ್ ಅನ್ನು ಅಳಿಸಿದರು. ಆ ಗುಂಡಿ ಒತ್ತುವ ಮೊದಲು ಅವರು ಎರಡು ಸಲ ಬೆರಳು ಹಿಂದಕ್ಕೆ ತೆಗೆದದ್ದು ನೋಡಿ ನಾನು ನಕ್ಕೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ, ಹೊರಗೆ ಹೋಗುವುದಿಲ್ಲ.

ಹತ್ತೂವರೆಗೆ ಹೊಸ ಸಾಫ್ಟ್‌ವೇರ್ ಕೂತಿತು. ಡಿಸ್ಕ್ ಸಿಕ್ಕಿಸಿದರು. ಮಾಹಿತಿ ತಾನೇ ತುಂಬಿಕೊಂಡಿತು. ಹೆಸರುಗಳೆಲ್ಲ ಸಾಲಾಗಿ ಬಂದವು. ಶೀತಲ್ ಎಂದು ಹುಡುಕಿದೆ, ಅವಳ ಪುಟ ಬಂತು. ಎಚ್ಚರಿಕೆ ಏನೂ ಇಲ್ಲ, ಪುಟ ಸ್ವಚ್ಛವಾಗಿತ್ತು. ಚೀಲ ಆರಿಸಿ, ಅವಳ ರಕ್ತಕ್ಕೆ ಹೊಂದಿಸಿ ನೋಡಿದೆ, ಚೆನ್ನಾಗಿ ಹೊಂದಿತು. ಮೇಲಿನ ವಾರ್ಡಿಗೆ ಕಳಿಸಿ ನಾನೂ ಹೋದೆ.

ಪುಷ್ಪಮ್ಮನಿಗೆ ಖುಷಿಯಾಗಿತ್ತು. "ಈಗೊಂದೆರಡು ತಿಂಗಳಿಂದ ಬೇರೆ ಥರದ ರಕ್ತ ಬೇಕು ಅಂತ ಕಾಯಿಸ್ತಿದ್ರು ಮೇಡಂ. ಇವತ್ತು ಬೇಗ ಸಿಕ್ತಲ್ಲ," ಎಂದಳು.

"ಇವತ್ತು ನಿನ್ನ ಅದೃಷ್ಟ ಮಾರಾಯ್ತಿ," ಎಂದೆ. ಕೇಳಿಸಿಕೊಂಡೆ, ಯೋಚಿಸಲಿಲ್ಲ. ನರ್ಸ್ ಚೀಲ ತೂಗುಹಾಕಿ, ಸೂಜಿ ಚುಚ್ಚಿ, ಕೊಳವೆಯ ಬಿರಡೆ ತಿರುಗಿಸಿದಳು.

ಕೆಳಗೆ ಷಡಕ್ಷರಪ್ಪನವರು ಎದ್ದಿರಲಿಲ್ಲ. ನಾವೆಲ್ಲ ಮುಗಿಯಿತು ಎಂದುಕೊಂಡ ಮೇಲೂ ಅವರು ಎಲ್ಲ ಸರಿ ಎಂದ ಪರದೆಯನ್ನು ನಂಬದೆ, ಪಟ್ಟಿಯ ಬುಡದವರೆಗೆ ಹೋಗಿ ಕೊನೆಯ ದಾನಿಯ ಹೆಸರು ಯಾವುದು, ಯಾವ ದಿನದ್ದು ಎಂದು ನೋಡುತ್ತಿದ್ದರು.

ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ರಸ್ತೆ ದಾಟಲು ಇನ್ನೊಬ್ಬರ ಹಿಂದೆ ನಿಲ್ಲುವ ಮನುಷ್ಯ ಎರಡೆರಡು ಮೆಟ್ಟಿಲು ಹಾರಿ ಬಂದರು. ಚಪ್ಪಲಿ ಒಂದೇ ಕಾಲಿನಲ್ಲಿತ್ತು. ಕೆಂಪು ಗೆರೆ ಕೊಳವೆಯಲ್ಲಿ ಅರ್ಧ ದಾಟಿ ಶೀತಲಳ ಮೊಣಕೈ ಹತ್ತಿರ ಬರುತ್ತಿತ್ತು. ಅವರು ಬಿರಡೆ ಹುಡುಕಲಿಲ್ಲ. ಹುಡುಕಲು ಗೊತ್ತೂ ಇರಲಿಲ್ಲ. ಕೊಳವೆಯನ್ನೇ ಎರಡು ಕೈಯಲ್ಲಿ ಹಿಡಿದು ಮಡಚಿ ಅದುಮಿ ನಿಂತುಬಿಟ್ಟರು. ಕಣ್ಣು ರಕ್ತದ ಮೇಲೇ ಇತ್ತು.

"ನಿಲ್ಸಿ ಮಾರಾಯ್ತಿ, ನಿಲ್ಸಿ! ಕೊನೇ ಎಂಟ್ರಿ ಆಯುಧಪೂಜೆ ದಿನದ್ದು. ನಾಲ್ಕು ತಿಂಗಳು ಇಲ್ಲ. ನಾಲ್ಕು ತಿಂಗಳದ್ದು ಏನೂ ಇಲ್ಲ!"

ನರ್ಸ್ ಬಿರಡೆ ಮುಚ್ಚಿದಳು. ಪುಷ್ಪಮ್ಮನ ಮಾತು ಆಗ ನೆನಪಾಯಿತು: ಬೇರೆ ಥರದ ರಕ್ತ. ಕಾರಿಡಾರಿಗೆ ಓಡಿ ಭೀಮೇಶನಿಗೆ ಫೋನ್ ಹಚ್ಚಿದೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿದ.

"ಭದ್ರಾವತಿ ಶೀತಲ್ಲಾ? 'ಇ' ಅನ್ನೋ ಗುಣ ಇರೋ ರಕ್ತ ಕೊಡ್ಲೇಬೇಡಿ ಮೇಡಂ. ಅವಳ ದೇಹಕ್ಕೆ ಅದು ಆಗಲ್ಲ ಅಂತ ನವೆಂಬರಲ್ಲಿ ಸಿಕ್ಕಿತ್ತು. ಕೆಂಪಕ್ಷರದಲ್ಲಿ ಹಾಕಿದೀನಲ್ಲ, ಕಾಣಿಸ್ತಿಲ್ವಾ?"

ಲ್ಯಾಬಿಗೆ ಇಳಿದು ಅದೇ ಚೀಲದ ರಕ್ತದಲ್ಲಿ ಆ 'ಇ' ಗುಣ ಇದೆಯೇ ಎಂದು ಪರೀಕ್ಷಿಸಿದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನ್ನ ಕೈಯ ಹನಿ ಕೊಳವೆಯೊಳಗೆ ಬೀಳದೆ ಮೇಜಿನ ಮೇಲೆ ಬಿತ್ತು. ಎರಡನೇ ಸಲ ಸರಿಯಾಗಿ ಹಾಕಿದೆ. ರಕ್ತ ಗಂಟು ಕಟ್ಟಿತು. ಅಂದರೆ ಆ ಗುಣ ಆ ಚೀಲದಲ್ಲಿತ್ತು. ಅದು ಮಗುವಿನ ಮೈ ಸೇರಲು ಒಂದು ಗೇಣಿನಷ್ಟು ಕೊಳವೆ ಉಳಿದಿತ್ತು, ಅಷ್ಟೇ.

ಆದರೆ ಭಯ ಅದೊಂದೇ ಅಲ್ಲ. ಷಡಕ್ಷರಪ್ಪನವರು ಆಯುಧಪೂಜೆ ಅನ್ನುತ್ತಿದ್ದಂತೆ ನನಗೆ ಎಲ್ಲವೂ ತಿಳಿದುಹೋಗಿತ್ತು.

ನಮ್ಮಲ್ಲಿ ಆ ಹಬ್ಬದ ದಿನ ಪೂಜೆ ಮಾಡುವುದು ನಾನೇ. ಸೂಕ್ಷ್ಮದರ್ಶಕ, ತಕ್ಕಡಿ, ಫ್ರಿಜ್ಜು, ಯಾವುದನ್ನೂ ಬಿಡುವುದಿಲ್ಲ. ಷಡಕ್ಷರಪ್ಪನವರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಆರಿಸಿದರೆ ಮತ್ತೆ ಹತ್ತದಿದ್ದರೆ ಎಂಬ ಹೆದರಿಕೆಗೆ ಸರ್ವರ್ ಅನ್ನು ಆರಿಸಬೇಡಿ ಎಂದು ಚೀಟಿ ಅಂಟಿಸಿದ್ದರು. ಆರಿಸಲಿಲ್ಲ. ಆ ಪುಟ್ಟ ಡಿಸ್ಕನ್ನು ಮಾತ್ರ ವೈರಿನಿಂದ ಕಿತ್ತು, ತಟ್ಟೆಯಲ್ಲಿ ಕತ್ತರಿ, ಪೆನ್ನುಗಳ ಜೊತೆ ಇಟ್ಟು, ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಮಂಗಳಾರತಿ ಆದ ಮೇಲೆ ಒರೆಸಿ ವಾಪಸ್ ಸಿಕ್ಕಿಸಿದೆ. ದೀಪ ಹತ್ತಿತು. ನನಗೆ ಅಷ್ಟು ಸಾಕಾಯಿತು.

ಸರ್ವರ್‌ಗೆ ಸಾಕಾಗಿರಲಿಲ್ಲವಂತೆ. ಕಿತ್ತು ಸಿಕ್ಕಿಸಿದ ಡಿಸ್ಕನ್ನು ಅದು ಮತ್ತೆ ಗುರುತಿಸಲಿಲ್ಲ. ತನ್ನೊಳಗೇ ಅದೇ ಹೆಸರಿನಲ್ಲಿದ್ದ ಖಾಲಿ ಫೋಲ್ಡರಿಗೆ ನಾಲ್ಕು ತಿಂಗಳು ದಿನಾ ಪ್ರತಿ ತೆಗೆದಿಡುತ್ತಾ, ದಿನಾ ಯಶಸ್ವಿ ಎನ್ನುತ್ತಾ ಇತ್ತು. ಮನೆಯ ಎರಡನೇ ಕೀಲಿಯನ್ನು ಮನೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ. ಆ ಶನಿವಾರ ಬೆಳಗ್ಗೆ ನಾವು ನೋಡಿದ ಪ್ರತಿ ಅದೇ. ಸರ್ವರ್ ಅಳಿಸಿದಾಗ ಅದೂ ಹೋಯಿತು.

ನಾನು ವಾರ್ಡಿಗೆ ವಾಪಸ್ ಹೋದಾಗ ಪುಷ್ಪಮ್ಮ ಕೂಗಾಡುತ್ತಿದ್ದಳು. "ನನ್ನ ಮಗಳ ಜೀವ ಅಂದ್ರೆ ಆಟ ಆಗಿದೆಯಾ ನಿಮಗೆ? ಯಾರು ಮಾಡಿದ್ದು ಇದನ್ನ? ಯಾರು?"

ಷಡಕ್ಷರಪ್ಪನವರ ಬೆವರು ವಿಭೂತಿಯಲ್ಲಿ ಗೆರೆ ತೆಗೆದಿತ್ತು. "ನಾನು ತಾಯಿ. ಬ್ಯಾಕಪ್ ನೋಡೋದು ನನ್ನ ಕೆಲಸ. ಸರಿಯಾಗಿ ನೋಡಲಿಲ್ಲ."

ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಬಾಯಿ ಜೋರಿನವಳು, ಸುಮ್ಮನಿದ್ದೆ. ಕೆಲಸ ಹೋದರೆ ಎಂಬ ಭಯ, ಇವಳು ನನ್ನ ಮುಖಕ್ಕೆ ಉಗಿದರೆ ಎಂಬ ಭಯ. ಅವಳು ಅವರನ್ನು ಬಾಯಿಗೆ ಬಂದಂತೆ ಬೈದಳು, ಅವರು ಕೈಮುಗಿದು ನಿಂತೇ ಇದ್ದರು.

ಮಧ್ಯಾಹ್ನ ಮೂರಕ್ಕೆ ಸರಿಯಾದ ಚೀಲ ಸಿಕ್ಕಿತು. ಶೀತಲ್ ಕೆನ್ನೆಗೆ ಬಣ್ಣ ಬಂತು. ಉಳಿದ ಮಕ್ಕಳ ಮನೆಗಳಿಗೆಲ್ಲ ಫೋನ್ ಮಾಡಿದೆವು. ಭೀಮೇಶನನ್ನು ಕರೆಸಿ, ದಾನಿಗಳ ಅರ್ಜಿಗಳನ್ನು ಹರಡಿಕೊಂಡು, ನಾಲ್ಕು ತಿಂಗಳನ್ನು ಮತ್ತೆ ತುಂಬಲು ಹತ್ತೊಂಬತ್ತು ದಿನ ಹಿಡಿಯಿತು. ಷಡಕ್ಷರಪ್ಪನವರು ಲಿಖಿತ ವಿವರಣೆ ಕೊಟ್ಟರು, ಡಾಕ್ಟರ್ ಕೈಲಿ ಬೈಸಿಕೊಂಡರು. ಹತ್ತೊಂಬತ್ತು ದಿನವೂ ನಾನು ಅವರ ಎದುರು ಕೂತು ಅಂಕಿ ಓದಿ ಹೇಳಿದೆ, ಬಾಯಿ ಬಿಡಲಿಲ್ಲ.

ಇಪ್ಪತ್ತನೇ ದಿನ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

"ಗೊತ್ತಿತ್ತು. ಆಯುಧಪೂಜೆ ಅಂದ್ಮೇಲೆ ಇನ್ಯಾರು?"

"ಮತ್ತೆ ಅವಳೆದುರು ಯಾಕೆ ಹೇಳ್ಲಿಲ್ಲ?"

"ನಾನು ಕಂಪ್ಯೂಟರ್ ಪೆಟ್ಟಿಗೆ ನೋಡೋನು, ನನ್ನ ಮೇಲೆ ನಂಬಿಕೆ ಹೋದ್ರೆ ಏನೂ ನಷ್ಟ ಇಲ್ಲ. ರಕ್ತ ಆರಿಸಿ ಕೊಡೋರು ನೀವು. ನಿಮ್ಮನ್ನ ಕಂಡ್ರೆ ಭಯ ಆದ್ರೆ ಆ ತಾಯಿ ಮಗುನ ಮತ್ತೆ ಕರ್ಕೊಂಡು ಬರ್ತಾಳಾ? ಬರ್ಲಿಲ್ಲ ಅಂದ್ರೆ ಆ ಮಗು ಉಳಿಯುತ್ತಾ? ನನಗೆ ಆ ಹೆದರಿಕೆ ಆಯ್ತು."

ಅತ್ತುಬಿಟ್ಟೆ. ಅವರು ಗಾಬರಿಯಾಗಿ ಬಾಗಿಲ ಕಡೆ ನೋಡಿದರು, ಯಾರಾದರೂ ಬಂದರೆ ಏನೆಂದುಕೊಳ್ಳುತ್ತಾರೋ ಎಂದು.

ಮರುದಿನ ಶನಿವಾರ. ಪುಷ್ಪಮ್ಮ ಮಗಳ ಜೊತೆ ಬಂದಳು. ಸೂಜಿ ಚುಚ್ಚುವ ಮೊದಲೇ ಎಲ್ಲವನ್ನೂ ಹೇಳಿದೆ: ಡಿಸ್ಕ್ ಕಿತ್ತದ್ದು, ಪರೀಕ್ಷೆ ಬೇಡ ಎಂದದ್ದು, ಅವಳ ಮಾತು ಕೇಳಿಯೂ ಕೇಳದಂತೆ ಇದ್ದದ್ದು, ಅವರು ಬೈಸಿಕೊಳ್ಳುವಾಗ ಸುಮ್ಮನೆ ನಿಂತದ್ದು. ಅವಳು ಎದ್ದು ಹೋಗುತ್ತಾಳೆ ಎಂದೇ ತಿಳಿದಿದ್ದೆ. ಅವಳು ಮಗಳ ತಲೆ ಸವರಿದಳು. ಆಮೇಲೆ ನನ್ನ ಕೈಯಲ್ಲಿದ್ದ ಚೀಲವನ್ನು ತೋರಿಸಿದಳು.

"ಇದನ್ನ ಹಾಕೋ ಮೊದಲು ಆ ಹೆದರೋ ಯಜಮಾನ್ರನ್ನ ಕರೀರಿ ಮೇಡಂ. ಅವರು ನೋಡಿ ಸರಿ ಅಂದ್ರೆ ಹಾಕ್ಸ್ಕೊತೀವಿ."

ಈಗ ಮೂರು ವಾರಕ್ಕೊಮ್ಮೆ ಷಡಕ್ಷರಪ್ಪನವರು ವಾರ್ಡಿಗೆ ಬರುತ್ತಾರೆ. ಶೀತಲಳ ಪುಟವನ್ನು ಚೀಲದ ಚೀಟಿಯ ಜೊತೆ ಒಂದು ಸಲ ಓದುತ್ತಾರೆ, ಬಾಗಿಲವರೆಗೆ ಹೋಗಿ ಹಿಂದಿರುಗಿ ಇನ್ನೊಂದು ಸಲ ಓದುತ್ತಾರೆ. ಪುಷ್ಪಮ್ಮ, ನರ್ಸ್, ನಾನು, ಮೂವರೂ ಕಾಯುತ್ತೇವೆ.